ರಕ್ತದ ಎಣಿಕೆಯಲ್ಲಿ ಕಣ್ಣಿನ ಸುಳಿವು

ಮುಂಬೈಯ ಮಾಟುಂಗಾದ ಹೋಟೆಲೊಂದರ ಗಲ್ಲಾದಲ್ಲಿ ಮೂವತ್ತು ವರ್ಷ ಕುಳಿತ ನನ್ನ ಸೋದರಮಾವ ಸಕ್ಕರೆ ಕಾಯಿಲೆಯ ಮಾತ್ರೆಯನ್ನಾಗಲಿ, ರಕ್ತಪರೀಕ್ಷೆಯನ್ನಾಗಲಿ ತಪ್ಪಿಸಿದವರಲ್ಲ. ತಪ್ಪಿಸಿದ್ದು ಕಣ್ಣಿನ ತಪಾಸಣೆಯನ್ನು. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಎಲ್ಲವೂ ಮಂಜು. ನೋಟು ಎಣಿಸುವುದು ಹೇಗೆ, ಡೊಂಬಿವಲಿಯ ಲೋಕಲ್ ಹತ್ತುವುದು ಹೇಗೆ? "ಕಣ್ಣು ಸರಿಯಾಗಿಯೇ ಕಾಣುತ್ತದಲ್ಲ ಮಾರಾಯ" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಎಡಗಣ್ಣಿನ ಮುಂದೆ ಕಪ್ಪು ಎಳೆಗಳು ತೇಲತೊಡಗಿದವು. ಒಳಗೆ ರಕ್ತ ಸೋರಿತ್ತು.

ಅವರ ಫೈಲಿನ ತುಂಬ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ವರದಿಗಳಿದ್ದವು. ಅದರಲ್ಲಿ ಬಿಳಿ ರಕ್ತಕಣಗಳ ಒಂದೊಂದು ಬಗೆಯ ಪಾಲು ಇರುತ್ತದೆ: ನ್ಯೂಟ್ರೋಫಿಲ್ ಶೇಕಡಾ 60, ಲಿಂಫೊಸೈಟ್ 30 ಇದ್ದರೆ ಅನುಪಾತ 2, 72 ಮತ್ತು 18 ಆದರೆ 4. ಅಕ್ಷಿಪಟಲ, ಅಂದರೆ ಕಣ್ಣಿನ ಒಳಪರದೆ, ಹಾಳಾದ ಮಧುಮೇಹಿಗಳಲ್ಲಿ ಈ ಅನುಪಾತ ಸರಾಸರಿ ಹೆಚ್ಚಿರುವುದನ್ನು ಹಲವು ಅಧ್ಯಯನಗಳು ಕಂಡಿವೆ.

ಕಾರಣ ಕುತೂಹಲಕರವಾದದ್ದು. ಅಕ್ಷಿಪಟಲದ ಲೋಮನಾಳಗಳು, ಅಂದರೆ ಅತಿ ಸಣ್ಣ ರಕ್ತನಾಳಗಳು, ಬಿಳಿಕಣಕ್ಕಿಂತಲೂ ಕಿರಿದು. ಕಣ ಮೈ ಹಿಂಡಿಕೊಂಡೇ ದಾಟಬೇಕು. ಸಕ್ಕರೆ ಏರಿದ ರಕ್ತದಲ್ಲಿ ನಾಳದ ಒಳಗೋಡೆ ಐಸಿಎಎಂ-1 ಎಂಬ ಅಂಟುವ ಪ್ರೋಟೀನನ್ನು ಹೆಚ್ಚು ಹೊರಚಾಚುತ್ತದೆ. ಕಣಗಳು ಅಲ್ಲೇ ಕಚ್ಚಿಕೊಳ್ಳುತ್ತವೆ. ಸಂಜೆ ದಾದರ್ ಸೇತುವೆಯ ಮೆಟ್ಟಿಲಲ್ಲಿ ಒಬ್ಬ ನಿಂತರೆ ಹಿಂದಿನ ಜನವೆಲ್ಲ ನಿಲ್ಲುವುದಿಲ್ಲವೇ, ಹಾಗೆ. ಕಚ್ಚಿಕೊಂಡ ಕಣ ಗೋಡೆಯನ್ನೂ ಸುಡುತ್ತದೆ. ನಾಳಕ್ಕೆ ಆಸರೆಯಾದ ಪೆರಿಸೈಟ್ ಕೋಶಗಳು ಸಾಯುತ್ತವೆ, ಗೋಡೆ ಪುಟ್ಟ ಗುಳ್ಳೆಗಳಾಗಿ ಉಬ್ಬಿ ಸೋರುತ್ತದೆ. ಆಮ್ಲಜನಕಕ್ಕೆ ಹಸಿದ ಅಕ್ಷಿಪಟಲ ವಿಇಜಿಎಫ್ ಎಂಬ ನಾಳ ಬೆಳೆಸುವ ಪ್ರೋಟೀನನ್ನು ಸ್ರವಿಸಿ ಹೊಸ ನಾಳಗಳನ್ನು ಕರೆಯುತ್ತದೆ; ಅವು ಬಲಹೀನ, ಒಡೆಯುತ್ತವೆ. ಮಾವನ ಕಣ್ಣಲ್ಲಿ ಆದದ್ದೂ ಇದೇ.

ಹಾಗೆಂದು ಈ ಅಂಕಿಯನ್ನು ನೆಚ್ಚಿ ಕೂರಬಾರದು. ಜ್ವರ, ವಸಡಿನ ಸೋಂಕು, ಸ್ಟೀರಾಯ್ಡ್ ಮಾತ್ರೆ ಇವೆಲ್ಲ ನ್ಯೂಟ್ರೋಫಿಲ್ ಏರಿಸುತ್ತವೆ. ಇಷ್ಟು ದಾಟಿದರೆ ಅಪಾಯವೆಂಬ ಎಲ್ಲರೂ ಒಪ್ಪಿದ ಗೆರೆಯೂ ಇಲ್ಲ. ನೂರು ಮಧುಮೇಹಿಗಳು ಕಾದಿರುವ ದವಾಖಾನೆಯಲ್ಲಿ ಯಾರನ್ನು ಮೊದಲು ಕಣ್ಣಿನ ವೈದ್ಯರ ಬಳಿಗೆ ಕಳಿಸಬೇಕೆಂಬುದಕ್ಕೆ ಮುಂದೊಮ್ಮೆ ಇದು ನೆರವಾದೀತು ಎಂಬುದು ನನ್ನ ಆಸೆ. ಸರದಿ ಬೇಗ ಬರಲಿ, ತಡವಾಗಿ ಬರಲಿ, ಹನಿ ತಪ್ಪಿದ್ದಲ್ಲ. ಟೈಪ್ 2 ಮಧುಮೇಹ ಪತ್ತೆಯಾದಾಗಲೇ ಒಮ್ಮೆ, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕು.

ಬರುವ ಸೋಮವಾರ ಹೋಟೆಲಿಗೆ ರಜೆ. ಅಲ್ಲಿನ ಇಬ್ಬರು ಅಡುಗೆಯವರನ್ನು ತಪಾಸಣೆಗೆ ಕರೆದೊಯ್ಯುತ್ತಿದ್ದೇನೆ. ಹನಿ ಹಾಕಿಸಿಕೊಂಡವರನ್ನು ಕೈಹಿಡಿದು ರೈಲು ಹತ್ತಿಸಲು ಒಬ್ಬರು ಬೇಕಲ್ಲ.