ಮುಳ್ಳು ಕೆಳಗಿಳಿದರೆ ಎಂಜಿನ್ ತಣ್ಣಗಾಯಿತೆಂದು ಅರ್ಥವಲ್ಲ

ಪ್ಲಂಬಿಂಗ್, ವೈರಿಂಗ್, ಮರಗೆಲಸ, ಟೈಲ್ಸ್ ಕೆಲಸ ಮಾಡುವವರು ಹೊಸದಾಗಿ ಗಾಡಿ ಕೊಳ್ಳುವ ಮುಂಚೆ ತುಮಕೂರಿನ ನಮ್ಮ ಗ್ಯಾರೇಜಿಗೆ ಬಂದು ಕೇಳುವುದು ಬಹುಮಟ್ಟಿಗೆ ಒಂದೇ ಪ್ರಶ್ನೆ: ಯಾವುದನ್ನು ತೆಗೆದುಕೊಂಡರೆ ರಿಪೇರಿ ಕಡಿಮೆ? 1984ರಿಂದ 2019ರವರೆಗೆ ತಯಾರಾದ ಮಾರುತಿ ಓಮ್ನಿ ಇನ್ನೂ ಓಡುತ್ತಿದೆ, 2005ರಲ್ಲಿ ಬಂದ ಟಾಟಾ ಏಸ್ ಪ್ರತಿ ಬೀದಿಯಲ್ಲೂ ಇದೆ, ಈಕೋ, ದೋಸ್ತ್, ಸೂಪರ್ ಕ್ಯಾರಿ, ಬೊಲೆರೊ ಪಿಕಪ್ ಎಂದು ಆಯ್ಕೆಗೇನೂ ಬರವಿಲ್ಲ. ಇದಕ್ಕೆ ನನ್ನ ಉತ್ತರ ಚಿಕ್ಕದು. ನೀವು ಹೊರುವ ತೂಕಕ್ಕೆ ತಕ್ಕದ್ದಾಗಿದ್ದು, ನಿಮ್ಮ ತಾಲ್ಲೂಕಿನ ಬಿಡಿಭಾಗದ ಅಂಗಡಿಯಲ್ಲಿ ಯಾವುದರ ಸಾಮಾನು ಕೇಳಿದ ದಿನವೇ ಸಿಗುತ್ತದೆಯೋ ಅದನ್ನು ಕೊಳ್ಳಿ. ಆದರೆ ನಾನು ಬರೆಯುವ ದೊಡ್ಡ ಬಿಲ್ಲುಗಳಿಗೆ ಗಾಡಿಯ ಹೆಸರು ಕಾರಣವಾಗುವುದು ಅಪರೂಪ. ಎಂಜಿನ್ ಕಾದಿದೆಯೆಂದು ಗೊತ್ತಾದ ಮೇಲೂ 'ಸೈಟು ಇಲ್ಲೇ ಇದೆ, ತಲುಪಿಬಿಡೋಣ' ಎಂದು ಓಡಿಸಿದ ಕೊನೆಯ ಐದಾರು ಕಿಲೋಮೀಟರೇ ಬಹುತೇಕ ಬಿಲ್ಲುಗಳ ಮೂಲ.

ಬ್ರೇಕ್, ಕ್ಲಚ್, ಪಟ್ಟಾಗಳ ವಿಷಯ ಇಲ್ಲಿ ಎತ್ತುವುದಿಲ್ಲ. ಭಾರ ಹೊರುವವರಿಗೆ ಅವು ಸವೆಯುತ್ತವೆಂದು ಗೊತ್ತು, ಸವೆದಾಗ ಬದಲಿಸುತ್ತಾರೆ. ಎಂಜಿನ್ನನ್ನು ತಣ್ಣಗಿಡುವ ದ್ರವವಾದ ಕೂಲೆಂಟ್ ವಿಷಯದಲ್ಲಿ ಮಾತ್ರ, ಎಷ್ಟು ಸಲ ಹೇಳಿದರೂ, ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕೂತಿದೆ.

ಆ ತಪ್ಪು ತಿಳಿವಳಿಕೆ ಡ್ಯಾಶ್‌ಬೋರ್ಡಿನ ಶಾಖ ತೋರಿಸುವ ಮುಳ್ಳಿಗೆ ಸಂಬಂಧಿಸಿದ್ದು. ಸಿರಾ ಕಡೆ ಕೆಲಸ ಹಿಡಿದಿದ್ದ ಪ್ಲಂಬರ್ ಒಬ್ಬರು, ಬೋರ್‌ವೆಲ್ ಮೋಟಾರು ಮತ್ತು ಪೈಪುಗಳನ್ನು ತುಂಬಿಕೊಂಡು ಹೋದವರು, ಮರುದಿನ ಗಾಡಿಯನ್ನು ಇನ್ನೊಂದು ಗಾಡಿಗೆ ಹಗ್ಗ ಕಟ್ಟಿಸಿ ಎಳೆಸಿಕೊಂಡು ಬಂದರು. 'ಅಣ್ಣಾ, ಮುಳ್ಳು ಮೇಲಕ್ಕೆ ಹೋಗಿದ್ದು ನಿಜ. ಆಮೇಲೆ ತಾನಾಗೇ ಕೆಳಗೆ ಬಂತಲ್ಲ, ಸರಿಹೋಯ್ತು ಅಂದ್ಕೊಂಡೆ' ಎಂದರು. ನಾನು ಏನೂ ಹೇಳದೆ ಆಯಿಲ್ ಮಟ್ಟ ನೋಡುವ ಕಡ್ಡಿಯನ್ನು, ಅಂದರೆ ಡಿಪ್‌ಸ್ಟಿಕ್ಕನ್ನು, ಎಳೆದು ತೋರಿಸಿದೆ. ಕಪ್ಪಗಿರಬೇಕಾದ ಆಯಿಲ್, ಕೂಲೆಂಟ್ ಬೆರೆತು, ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿ, ಕಡ್ಡಿಯ ತುದಿಯಲ್ಲಿ ನೊರೆಯಾಗಿ ಅಂಟಿಕೊಂಡಿತ್ತು.

ಮುಳ್ಳು ತಾನಾಗೇ ಕೆಳಗಿಳಿದದ್ದೇ ಅಪಾಯದ ಸೂಚನೆಯಾಗಿತ್ತು. ಉಷ್ಣತೆಯನ್ನು ಅಳೆಯುವ ಸೆನ್ಸರ್ ಎಂಜಿನ್ನಿನ ಲೋಹವನ್ನು ನೇರವಾಗಿ ಅಳೆಯುವುದಿಲ್ಲ. ತನ್ನ ಸುತ್ತ ಹರಿಯುವ ದ್ರವವನ್ನು ಅಳೆಯುತ್ತದೆ. ಸೋರಿಕೆಯಿಂದಲೋ ಕುದಿತದಿಂದಲೋ ದ್ರವದ ಮಟ್ಟ ಕುಸಿದು ಸೆನ್ಸರ್ ಇರುವ ಜಾಗದಲ್ಲಿ ಬರೀ ಗಾಳಿ ಅಥವಾ ಹಬೆ ಉಳಿದರೆ, ಅದು ದ್ರವದಷ್ಟು ಚೆನ್ನಾಗಿ ಶಾಖವನ್ನು ಮುಟ್ಟಿಸದ ಕಾರಣ, ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಪ್ರತಿ ಗಾಡಿಯಲ್ಲೂ ಹೀಗೇ ಆಗುತ್ತದೆಂದು ನಾನು ಹೇಳಲಾರೆ, ಸೆನ್ಸರ್ ಎಲ್ಲಿ ಕೂತಿದೆ ಎಂಬುದರ ಮೇಲೆ ಅದು ನಿಂತಿದೆ. ಆದರೆ ಮೇಲೇರಿದ ಮುಳ್ಳು, ನೀವು ಗಾಡಿ ನಿಲ್ಲಿಸದೆ, ಭಾರ ಇಳಿಸದೆ, ಇಳಿಜಾರೂ ಸಿಗದೆ ಕೆಳಗೆ ಬಂದರೆ ಅದನ್ನು ಶುಭವಾರ್ತೆ ಎಂದು ತಿಳಿಯಬೇಡಿ. ಮುಳ್ಳೇ ಇಲ್ಲದೆ ಕೆಂಪು ದೀಪ ಮಾತ್ರ ಇರುವ ಗಾಡಿಗಳಲ್ಲಿಯೂ ಇದೇ ಮಾತು: ಹೊತ್ತಿದ ದೀಪ ತಾನಾಗೇ ಆರಿದರೆ ನಿಲ್ಲಿಸಿ, ತಣ್ಣಗಾದ ಮೇಲೆ ಕೂಲೆಂಟ್ ಮಟ್ಟ ನೋಡಿ, ಆಮೇಲೆ ನಂಬಿ.

ಒಳಗೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಬಿಲ್ಲು ಕೊಟ್ಟಾಗ ಜಗಳಕ್ಕೆ ಬರುವವರು ಕೇಳುವುದು ಇದನ್ನೇ. ಈ ಸಣ್ಣ ಎಂಜಿನ್‌ಗಳಲ್ಲಿ ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡು ಸಾಮಾನ್ಯವಾಗಿ ಅಲ್ಯೂಮಿನಿಯಂನದು. ಅದರ ಕೆಳಗಿನ ಬ್ಲಾಕು ಹಲವು ಗಾಡಿಗಳಲ್ಲಿ ಎರಕದ ಕಬ್ಬಿಣದ್ದು. ಅಷ್ಟೇ ಶಾಖಕ್ಕೆ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಮಿತಿಯೊಳಗಿನ ಶಾಖದಲ್ಲಿ ಎರಡರ ನಡುವೆ ಸೋರದಂತೆ ಹಾಕಿರುವ ತೆಳು ಹಾಳೆ, ಅಂದರೆ ಗ್ಯಾಸ್ಕೆಟ್, ಈ ವ್ಯತ್ಯಾಸವನ್ನು ತಾಳಿಕೊಳ್ಳುತ್ತದೆ. ಮಿತಿ ಮೀರಿದರೆ ಬೋಲ್ಟುಗಳ ಬಿಗಿತದ ನಡುವೆ ಹಿಗ್ಗಲು ಜಾಗವಿಲ್ಲದ ಹೆಡ್ಡು ಬಾಗುತ್ತದೆ, ಗ್ಯಾಸ್ಕೆಟ್ ಸುಟ್ಟು ನೀರಿನ ದಾರಿ, ಆಯಿಲ್ ದಾರಿ, ಸಿಲಿಂಡರು ಒಂದಕ್ಕೊಂದು ಬೆರೆಯುತ್ತವೆ. ಬಾಗುವಿಕೆ ಕಣ್ಣಿಗೆ ಕಾಣುವುದಿಲ್ಲ. ಹೆಡ್ಡಿನ ಮೇಲೆ ಉಕ್ಕಿನ ನೇರಪಟ್ಟಿ ಇಟ್ಟು, ಸಂದಿಯಲ್ಲಿ ಫೀಲರ್ ಗೇಜಿನ ತೆಳುವಾದ ಎಲೆಯನ್ನು ತೂರಿಸಿ ನೋಡಬೇಕು. ಸಣ್ಣ ಪೆಟ್ರೋಲ್ ಎಂಜಿನ್‌ಗಳಲ್ಲಿ 0.05 ಮಿಲಿಮೀಟರ್ ಆಸುಪಾಸಿನ ಎಲೆ ತೂರಿದರೂ ಹೆಡ್ಡು ಸಮತಟ್ಟು ಮಾಡಿಸಲು ಲೇತಿಗೆ ಹೋಗಲೇಬೇಕು, ಅದನ್ನೇ ಫೇಸಿಂಗ್ ಎನ್ನುವುದು. ಗ್ಯಾಸ್ಕೆಟ್ ಮಾತ್ರ ಬದಲಿಸಿ ಕಳಿಸಿ ಎಂದು ಒತ್ತಾಯಿಸುವವರಿಗೆ ಈ ಎಲೆಯನ್ನು ಕೈಗೆ ಕೊಟ್ಟು ಅವರಿಂದಲೇ ತೂರಿಸುತ್ತೇನೆ. ಕೆಲವರು ಆಗಲೂ ಒಪ್ಪುವುದಿಲ್ಲ. ಅವರು ಬೇರೆ ಗ್ಯಾರೇಜಿಗೆ ಹೋಗುತ್ತಾರೆ, ಅದಕ್ಕೆ ನನ್ನ ತಕರಾರಿಲ್ಲ.

ಇಷ್ಟಕ್ಕೂ ಇದು ಶುರುವಾಗುವುದು ಎಲ್ಲಿಂದ? ಬಿರುಕು ಬಿಟ್ಟ ಹೋಸ್ ಪೈಪು, ಸಡಿಲವಾದ ಕ್ಲಿಪ್ಪು, ರಬ್ಬರ್ ಸತ್ತ ರೇಡಿಯೇಟರ್ ಮುಚ್ಚಳ. ಮುಚ್ಚಳವನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದರ ಮೇಲೆ 0.9 ಅಥವಾ 1.1 ಎಂದು ಅಚ್ಚೊತ್ತಿರುತ್ತದೆ. ಅದು ಹಿಡಿದಿಡುವ ಒತ್ತಡದ ಅಳತೆ. ಆ ಒತ್ತಡವಿದ್ದರೆ ಒಳಗಿನ ನೀರು 100 ಡಿಗ್ರಿಗೆ ಕುದಿಯದೆ ಸುಮಾರು 120 ಡಿಗ್ರಿಯವರೆಗೆ ತಾಳುತ್ತದೆ, ಕೂಲೆಂಟ್ ಬೆರೆತಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಇವೆಲ್ಲ ನೂರುಗಳಲ್ಲಿ ಮುಗಿಯುವ ಸಾಮಾನುಗಳು. ಹೆಡ್ಡು ಬಿಚ್ಚಿ, ಫೇಸಿಂಗ್ ಮಾಡಿಸಿ, ಗ್ಯಾಸ್ಕೆಟ್ ಸೆಟ್, ಆಯಿಲ್, ಕೂಲೆಂಟ್ ಹಾಕಿ ಕೂಡಿಸುವ ಹೊತ್ತಿಗೆ ನಮ್ಮ ಕಡೆ ಬಿಲ್ಲು ಸುಲಭವಾಗಿ ಐದಂಕಿಗೆ ಬರುತ್ತದೆ. ಸಿಲಿಂಡರಿನ ಬೋರು, ಪಿಸ್ಟನ್ ಕೂಡ ಹೋಗಿದ್ದರೆ ಹಳೆಯ ಗಾಡಿಯ ಬೆಲೆಯನ್ನೇ ಕೇಳುವಂತಾಗುತ್ತದೆ. ಲೇತಿನವರ ಸರದಿ, ಸಾಮಾನು ಬರುವ ಕಾಲ ಸೇರಿ ಗಾಡಿ ಹಲವು ದಿನ ನಿಲ್ಲುತ್ತದೆ. ಆ ದಿನಗಳ ಕೂಲಿ, ಆಳುಗಳಿಗೆ ಕೊಡಬೇಕಾದ ಬಟವಾಡೆ, ಸಾಮಾನು ಸಾಗಿಸಲು ತೆತ್ತ ಬಾಡಿಗೆ, ಕೈತಪ್ಪಿದ ಕೆಲಸ, ಇವನ್ನು ನನ್ನ ಬಿಲ್ಲಿನ ಪಕ್ಕದಲ್ಲಿ ಬರೆದುಕೊಂಡು ಕೂಡಿಸಿ ನೋಡಿದವರನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಪ್ಲಂಬರ್‌ಗಳ ಮೇಲೆ ನನಗೆ ವಿಶೇಷ ಕೋಪವಿದೆ, ಪ್ರೀತಿಯಿಂದಲೇ ಹೇಳುತ್ತೇನೆ. ಗೀಸರಿನೊಳಗೆ ಕಟ್ಟಿದ ಬಿಳಿ ಪದರವನ್ನು ಕೆರೆದು ತೋರಿಸಿ, 'ನಿಮ್ಮ ಬೋರ್ ನೀರು ಗಡಸು, ಕಾಯಿಲ್ ಹಾಳಾಗೋದು ಇದಕ್ಕೇ' ಎಂದು ಮನೆಯವರಿಗೆ ಪಾಠ ಹೇಳುವವರು ಅವರೇ. ಅದೇ ಮನೆಯ ನಲ್ಲಿಯಲ್ಲಿ ಬಾಟಲಿ ತುಂಬಿಸಿಕೊಂಡು ಬಂದು ತಮ್ಮ ರೇಡಿಯೇಟರಿಗೆ ಸುರಿಯುವವರೂ ಅವರೇ. ರೇಡಿಯೇಟರಿನ ನಳಿಕೆಗಳು ಗೀಸರಿನ ಪೈಪಿಗಿಂತ ಎಷ್ಟೋ ಸಣ್ಣವು. ಆ ಪದರ ಅಲ್ಲಿ ಕಟ್ಟಿಕೊಂಡರೆ ನೀರು ತುಂಬಿದ್ದರೂ ಹರಿಯುವುದಿಲ್ಲ, ಶಾಖ ಹೊರಗೆ ಹೋಗುವುದಿಲ್ಲ. ತುರ್ತಿಗೆ ನೀರು ಸುರಿದದ್ದನ್ನು ನಾನು ತಪ್ಪೆನ್ನುವುದಿಲ್ಲ. ಗಾಡಿ ತಣ್ಣಗಾಗಲು ಬಿಟ್ಟು ನೀರು ಹಾಕಿ ಹತ್ತಿರದ ಗ್ಯಾರೇಜಿಗೆ ಬನ್ನಿ, ಸೋರಿಕೆ ಮುಚ್ಚಿಸಿ, ಹಳೆಯದನ್ನೆಲ್ಲ ತೆಗೆಸಿ ಗಾಡಿಯ ಪುಸ್ತಕದಲ್ಲಿ ಹೇಳಿದ ಕೂಲೆಂಟನ್ನು ಹೇಳಿದ ಪ್ರಮಾಣದಲ್ಲಿ ಹಾಕಿಸಿ. ಎರಡು ದಿನಕ್ಕೊಮ್ಮೆ ಬಾಟಲಿ ಸುರಿಯುತ್ತಾ ತಿಂಗಳುಗಟ್ಟಲೆ ಓಡಿಸುವುದು ಬೇರೆ ವಿಷಯ. ನೀರು ಎಲ್ಲಿ ಹೋಗುತ್ತಿದೆ ಎಂದು ಪ್ಲಂಬರ್ ಆದವರಿಗೆ ನಾನು ಹೇಳಿಕೊಡಬೇಕೇ?

ಎಲೆಕ್ಟ್ರಿಷಿಯನ್ನರದು ಇನ್ನೊಂದು ಬಗೆ. ರೇಡಿಯೇಟರ್ ಫ್ಯಾನು ತಾನಾಗೇ ತಿರುಗುವುದು ನಿಂತಾಗ ಒಬ್ಬರು ಬ್ಯಾಟರಿಯಿಂದ ನೇರ ತಂತಿ ಎಳೆದು, ಸ್ಟೇರಿಂಗ್ ಪಕ್ಕಕ್ಕೆ ಮನೆಯ ಗೋಡೆಗೆ ಹಾಕುವಂಥ ಸ್ವಿಚ್ಚನ್ನು ಅಚ್ಚುಕಟ್ಟಾಗಿ ಕೂರಿಸಿಕೊಂಡಿದ್ದರು. ಕೆಲಸ ನೋಡಲು ಚೆನ್ನಾಗಿಯೇ ಇತ್ತು. ದಾಬಸ್‌ಪೇಟೆಯ ಟ್ರಾಫಿಕ್ಕಿನಲ್ಲಿ ಫೋನಿನಲ್ಲಿ ಮಾತಾಡುತ್ತಾ ಅದನ್ನು ಒತ್ತುವುದನ್ನು ಮರೆತರು. ಹೆದ್ದಾರಿಯಲ್ಲಿ ಗಾಳಿ ತಾನಾಗೇ ರೇಡಿಯೇಟರಿಗೆ ಬಡಿಯುತ್ತದೆ. ಭಾರ ಹೊತ್ತು ತೆವಳುವಾಗ ಫ್ಯಾನೊಂದೇ ಗತಿ. ಕೆಟ್ಟದ್ದು ರಿಲೇಯೋ ಸೆನ್ಸರೋ ಎಂದು ನೋಡಿ ಅದನ್ನೇ ಬದಲಿಸಿದ್ದರೆ ಆಗ ಸಣ್ಣ ಖರ್ಚಿನಲ್ಲಿ ಮುಗಿಯುತ್ತಿತ್ತು. ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ವಾಲ್ವನ್ನು ತೆಗೆದು ಬಿಸಾಡಿದರೆ ಗಾಡಿ ಹೀಟಾಗುವುದೇ ಇಲ್ಲವೆಂದು ಹೇಳುವ ಮೆಕ್ಯಾನಿಕ್‌ಗಳೂ ಇದ್ದಾರೆ. ಆಗ ಎಂಜಿನ್ ಸರಿಯಾದ ಶಾಖಕ್ಕೆ ಬರಲು ತಡವಾಗುತ್ತದೆ, ಇಂಧನ ಹೆಚ್ಚು ಕುಡಿಯುತ್ತದೆ. 2020ರ ಏಪ್ರಿಲ್ ನಂತರದ, ಬಿಎಸ್6 ಎಂಬ ಹೊಗೆ ನಿಯಮಕ್ಕೆ ಒಳಪಟ್ಟ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದ್ದರೆ ಅದು ತನ್ನನ್ನು ತಾನು ಸುಟ್ಟು ಶುದ್ಧಮಾಡಿಕೊಳ್ಳುವುದಕ್ಕೂ ತೊಂದರೆಯಾಗಬಹುದು.

ಓಮ್ನಿ, ಈಕೋಗಳಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗಿರುವುದೂ ಅಸಡ್ಡೆಗೆ ಒಂದು ಕಾರಣವೆಂದು ಕಾಣುತ್ತದೆ. ಸೀಟಿನ ಮೇಲೆ ಡ್ರಿಲ್ ಮೆಷಿನ್ನು, ಟೂಲ್ ಬ್ಯಾಗು, ಊಟದ ಡಬ್ಬಿ, ಬಿಲ್ ಪುಸ್ತಕ ಎಲ್ಲ ಕೂತಿರುತ್ತವೆ. ಅವನ್ನು ಇಳಿಸಿ, ಸೀಟು ಎತ್ತಿ ಹೋಸುಗಳನ್ನು ನೋಡುವ ತಾಳ್ಮೆ ಬೆಳಗಿನ ಅವಸರದಲ್ಲಿ ಯಾರಿಗಿದೆ? ವಾರಕ್ಕೊಮ್ಮೆ, ಎಂಜಿನ್ ತಣ್ಣಗಿರುವಾಗ, ಅಷ್ಟು ಮಾಡಿ. ಸಾಲದೆಂದು 'ಇನ್ಶೂರೆನ್ಸ್ ಇದೆಯಲ್ಲ' ಎನ್ನುವವರಿಗೆ ಒಂದು ಎಚ್ಚರಿಕೆ: ಸಾಮಾನ್ಯ ವಾಹನ ಪಾಲಿಸಿ ಯಾಂತ್ರಿಕ ಕೆಡುವಿಕೆಯನ್ನೂ ಸವೆತವನ್ನೂ ಹೊರಗಿಡುತ್ತದೆ. ಕಲ್ಲು ಬಡಿದು ರೇಡಿಯೇಟರ್ ಒಡೆದರೆ ರೇಡಿಯೇಟರಿಗೆ ಹಣ ಬರಬಹುದು. ಒಡೆದ ಮೇಲೂ ಓಡಿಸಿ ಸುಟ್ಟುಕೊಂಡ ಎಂಜಿನ್ನಿಗೆ ಕೇಳಿದರೆ ತಿರಸ್ಕರಿಸುವ ಸಂಭವವೇ ಹೆಚ್ಚು. ನಿಮ್ಮ ಪಾಲಿಸಿಯ ಷರತ್ತುಗಳನ್ನು ನೀವೇ ಓದಿಕೊಳ್ಳಿ, ನನ್ನ ಮಾತನ್ನು ಏಜೆಂಟರ ಮುಂದೆ ಸಾಕ್ಷಿಯಾಗಿ ಹಿಡಿಯಬೇಡಿ.

ರಸ್ತೆಯಲ್ಲಿ ಮುಳ್ಳು ಏರಿದಾಗ ಮಾಡಬೇಕಾದ್ದು ಹೆಚ್ಚೇನಿಲ್ಲ. ಸುರಕ್ಷಿತವಾದ ಜಾಗ ನೋಡಿ ಪಕ್ಕಕ್ಕೆ ತನ್ನಿ, ಎಂಜಿನ್ ಆರಿಸಿ. ಕಾದ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬೇಡಿ. ಒತ್ತಡ ಬಿಟ್ಟೊಡನೆ ಒಳಗಿನದು ಹಬೆಯಾಗಿ ಚಿಮ್ಮಿ ಮುಖ ಸುಡುತ್ತದೆ, ಬಟ್ಟೆ ಸುತ್ತಿ ತೆಗೆದರೂ ಅಷ್ಟೆ. ತಣ್ಣಗಾಗಲು ಅರ್ಧ ಗಂಟೆಗೂ ಹೆಚ್ಚು ಹಿಡಿಯಬಹುದು. ಮೇಲಿನ ಹೋಸನ್ನು ಮುಟ್ಟಿ ಹಿಡಿಯಲು ಆಗುವಷ್ಟಾದ ಮೇಲೆ ಮುಚ್ಚಳ ತೆಗೆದು ಮಟ್ಟ ನೋಡಿ. ಕಡಿಮೆಯಿದ್ದರೆ ನಿಧಾನವಾಗಿ ತುಂಬಿಸಿ, ಎಂಜಿನ್ ಶುರುಮಾಡಿ ಕೆಳಗೆ ಬಗ್ಗಿ ಸೋರಿಕೆ ಹುಡುಕಿ. ಸಣ್ಣಗೆ ಹನಿಯುತ್ತಿದ್ದರೆ ಮುಳ್ಳಿನ ಮೇಲೆ ಕಣ್ಣಿಟ್ಟು ಹತ್ತಿರದ ಗ್ಯಾರೇಜಿನವರೆಗೆ ಬರಬಹುದು. ಧಾರೆಯಾಗಿ ಸುರಿಯುತ್ತಿದ್ದರೆ, ಡಿಪ್‌ಸ್ಟಿಕ್‌ನಲ್ಲಿ ಕಾಫಿ ಬಣ್ಣ ಕಂಡರೆ, ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಮತ್ತೆ ಶುರುಮಾಡಲೇಬೇಡಿ. ಸಾಮಾನನ್ನು ಬೇರೆ ಗಾಡಿಗೆ ಏರಿಸಿ ಸೈಟಿಗೆ ಕಳಿಸಿ, ಇದನ್ನು ಎಳೆಸಿಕೊಂಡು ಬನ್ನಿ. ಎಳೆಸುವ ದುಡ್ಡು ಹೆಡ್ಡಿನ ದುಡ್ಡಿಗಿಂತ ಯಾವಾಗಲೂ ಕಡಿಮೆ.