ಕುದುರೆಮುಖದ ಗುಡ್ಡದ ಮೇಲೆ ಮರ ಯಾಕಿಲ್ಲ, ಯಾರಾದ್ರೂ ಕಡಿದ್ರಾ?

ಮಳೆಗಾಲ ಶುರುವಾಯ್ತು ಅಂದ್ರೆ ಈ ಪ್ರಶ್ನೆ ಬಂದೇ ಬರುತ್ತೆ. ಟ್ರೆಕ್ಕಿಂಗ್ ಹೋಗಿ ಬಂದವರು ಕೇಳ್ತಾರೆ, ಅಷ್ಟೊಂದು ಮಳೆ ಸುರಿಯೋ ಜಾಗದಲ್ಲಿ ಗುಡ್ಡಕ್ಕೆ ಗುಡ್ಡವೇ ಬೋಳಾಗಿದೆಯಲ್ಲ, ಕಾಡು ಕಡಿದುಬಿಟ್ಟಿದಾರಾ, ಮುಂದಿನ ಸಲ ಬೀಜದುಂಡೆ ತಗೊಂಡು ಹೋಗಿ ಎಸೆದು ಬರ್ಲಾ ಅಂತ.

ದಯವಿಟ್ಟು ಎಸೀಬೇಡಿ. ಅದು ಹಾಳಾದ ಕಾಡಲ್ಲ, ಹುಲ್ಲುಗಾವಲು. ಕಾಡಿನ ಹಾಗೆ ಅದೂ ಒಂದು ಬಯೋಮು, ಅಂದ್ರೆ ಅಲ್ಲಿನ ಹವೆಗೂ ನೆಲಕ್ಕೂ ಹೊಂದ್ಕೊಂಡ ಗಿಡ, ಪ್ರಾಣಿಗಳ ಒಂದು ದೊಡ್ಡ ಜೀವಲೋಕ.

ಸ್ಕೂಲಲ್ಲಿ ನಮಗೆ ಹೇಳ್ಕೊಟ್ಟಿದ್ದು ಮಳೆ ಜಾಸ್ತಿ ಇದ್ರೆ ಕಾಡು, ಕಮ್ಮಿ ಇದ್ರೆ ಹುಲ್ಲು, ಇನ್ನೂ ಕಮ್ಮಿ ಆದ್ರೆ ಮರುಭೂಮಿ. ಮೇಲ್ನೋಟಕ್ಕೆ ಸರಿನೇ, ಆದ್ರೆ ಮಳೆ ಒಂದೇ ಎಲ್ಲಾನೂ ತೀರ್ಮಾನ ಮಾಡಲ್ಲ, ಗಾಳಿ, ಮಣ್ಣಿನ ಆಳ, ಬೆಂಕಿ, ಮೇಯೋ ಪ್ರಾಣಿಗಳು ಇವೆಲ್ಲಾನೂ ಲೆಕ್ಕಕ್ಕೆ ಬರುತ್ತೆ. ಕುದುರೆಮುಖದ ನೆತ್ತಿ ಸುಮಾರು 1,890 ಮೀಟರ್ ಎತ್ತರ, ಅಲ್ಲಿ ಗಾಳಿಗೆ ನಿಲ್ಲೋಕಾಗಲ್ಲ, ಮಣ್ಣು ತೆಳು, ಮರದ ಬೇರು ಇಳಿಯೋಕೆ ಜಾಗನೇ ಇಲ್ಲ. ಅದೇ ಎರಡು ಗುಡ್ಡದ ನಡುವಿನ ಕಣಿವೆಗೆ ಇಳೀರಿ, ಮಣ್ಣು ನೀರು ಎರಡೂ ಸೇರ್ಕೊಂಡಿರುತ್ತೆ, ಅಲ್ಲಿ ಶೋಲಾ ಕಾಡು, ಅಂದ್ರೆ ಎತ್ತರದ ಬೆಟ್ಟದ ಕಣಿವೆಗಳಲ್ಲಿ ದಟ್ಟವಾಗಿ ಬೆಳೆಯೋ ನಿತ್ಯಹಸಿರು ಕಾಡು. ಬಿಸಿಲಲ್ಲಿ ನಡೀತಾ ಇದ್ದವರು ಒಂದು ಹೆಜ್ಜೆ ಒಳಗಿಟ್ರೆ ಸಾಕು ಕತ್ತಲು, ತಂಪು, ಪಾಚಿ ಹಿಡಿದ ಕಾಂಡ, ಕಾಲಡಿ ಮೆತ್ತಗಿನ ತರಗೆಲೆ. ಎರಡು ಲೋಕದ ಗಡಿ ಅಷ್ಟು ಸ್ಪಷ್ಟ, ನನಗೆ ಪ್ರತಿ ಸಲಾನೂ ಮೈ ಜುಮ್ಮನ್ನುತ್ತೆ.

ಇನ್ನು ಹುಲ್ಲು. ಅದರ ಚಿಗುರೊಡೆಯೋ ಭಾಗ ನೆಲಕ್ಕೆ ಅಂಟ್ಕೊಂಡೇ ಇರುತ್ತೆ, ಹಾಗಾಗಿ ಬೆಂಕಿ ಬಿದ್ರೂ ದನ ಮೇಯ್ದ್ರೂ ಮೊದಲ ಮಳೆಗೇ ಮತ್ತೆ ಹಸಿರು. ಮರದ ಸಸಿಗೆ ಆ ಅನುಕೂಲ ಇಲ್ಲ.

ಜನ ಬರೋದಕ್ಕೆ ಮುಂಚೆ ಕಾಡೇ ಇತ್ತೇನೋ ಅಂತ ಅನುಮಾನ ಇರೋರಿಗೆ ಒಂದು ವಿಷಯ. ಇಂಥದ್ದೇ ಹುಲ್ಲು, ಶೋಲಾ ಇರೋ ತಮಿಳುನಾಡಿನ ನೀಲಗಿರಿ ಬೆಟ್ಟಗಳ ಜೌಗು ನೆಲದಲ್ಲಿ ಕೊಳೆತ ಗಿಡದ ಮಣ್ಣು ಪದರ ಪದರವಾಗಿ ಕೂತಿದೆ. ಅಲ್ಲಿನ ಹುಲ್ಲೂ ಮರಾನೂ ಗಾಳಿಯಿಂದ ಕಾರ್ಬನ್ ಹಿಡ್ಕೊಳ್ಳೋ ರೀತಿ ಬೇರೆ ಬೇರೆ, ಆ ಗುರುತು ಮಣ್ಣಲ್ಲಿ ಹಾಗೇ ಉಳಿಯುತ್ತೆ. ಪರಿಸರ ವಿಜ್ಞಾನಿ ರಾಮನ್ ಸುಕುಮಾರ್ ಮತ್ತು ಜೊತೆಗಾರರು ಅದನ್ನ ಓದಿ 1993ರಲ್ಲಿ ಪ್ರಕಟಿಸಿದ್ರು: ಸುಮಾರು 20,000 ವರ್ಷ ಹಿಂದೇನೂ ಅಲ್ಲಿ ಹುಲ್ಲಿತ್ತು, ಒಣಹವೆ ಬಂದಾಗ ಹುಲ್ಲು ಹಬ್ಬಿದೆ, ತೇವ ಹೆಚ್ಚಾದಾಗ ಕಾಡು ಹಬ್ಬಿದೆ. ಇಷ್ಟು ಹಳೇ ಹುಲ್ಲುಗಾವಲಿಗೆ ಬ್ರಿಟಿಷರ ಕಾಲದಿಂದ ನೀಲಗಿರಿ ಮರ (ಯೂಕಲಿಪ್ಟಸ್), ಆಸ್ಟ್ರೇಲಿಯಾದ ಅಕೇಶಿಯಾ ಜಾತಿಯ ವ್ಯಾಟಲ್, ಪೈನ್ ತಂದು ನೆಟ್ರು, ಈಗ ವ್ಯಾಟಲ್ ತಾನಾಗೇ ಹರಡ್ತಾ ಹುಲ್ಲನ್ನ ನುಂಗ್ತಿದೆ.

ಬಯಲುಸೀಮೆ ಕಥೆನೂ ಇದೇ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲೂ ನೀಲಗಿರಿ ಮರ ನೆಟ್ಟಿದ್ದಾರೆ, ಕೃಷ್ಣಮೃಗಕ್ಕೋ ಬೇಕಾಗಿರೋದು ಓಡೋಕೆ ಬಯಲು. ಆಫ್ರಿಕಾದ ಸೆರೆಂಗೆಟಿ ಹುಲ್ಲು ಬಯಲಿನ ಫೋಟೋ ನೋಡಿ ಪಾಪ ಮರ ಇಲ್ಲ ಅಂತ ಯಾರೂ ಅನ್ನಲ್ಲ, ನಮ್ಮ ಹುಲ್ಲುಗಾವಲಿಗೆ ಮಾತ್ರ ಬಂಜರು ಭೂಮಿ ಅನ್ನೋ ಹೆಸರು.

ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟೋದು ಕುದುರೆಮುಖದ ಇದೇ ಹುಲ್ಲು ಶೋಲಾ ಬೆಟ್ಟಗಳ ಸಾಲಲ್ಲಿ. ಗಿಡ ನೆಡೋ ಆಸೆ ಇದ್ರೆ ನಿಮ್ಮ ಬೀದಿಲಿ ಒಂದು ಹೊಂಗೆ ನೆಟ್ಟು ಎರಡು ಬೇಸಿಗೆ ನೀರು ಹಾಕಿ, ಕುದುರೆಮುಖಕ್ಕೆ ಬರಿಗೈಲಿ ಹೋಗಿ.