ಜಡ್ಜ್‌ಗಳನ್ನು ನೋಡಿ ಅಧ್ಯಕ್ಷರನ್ನು ಆರಿಸಬೇಕಾ?

ಪ್ರಶ್ನೆ: “ಈಚೆಗೆ ಅಮೆರಿಕದ ಸಿಟಿಜನ್ ಆದೆ. ಅಧ್ಯಕ್ಷರ ಚುನಾವಣೆಯಲ್ಲಿ ನನ್ನದು ಮೊದಲ ವೋಟು. ಬೇರೆ ಏನೂ ನೋಡಬೇಡ, ಸುಪ್ರೀಂ ಕೋರ್ಟಿಗೆ ಯಾರನ್ನು ಕೂರಿಸುತ್ತಾರೆ ಅಂತ ಮಾತ್ರ ನೋಡು ಎನ್ನುತ್ತಾರೆ ಸ್ನೇಹಿತರು. ಕೋರ್ಟ್ ನೇಮಕಕ್ಕೆ ನಿಜವಾಗಿ ಎಷ್ಟು ಬೆಲೆ ಕೊಡಬೇಕು?”

ಇದನ್ನು ಪ್ರತಿ ಚುನಾವಣೆಗೂ ಕೇಳುತ್ತಾರೆ, ಯುಗಾದಿ ಊಟದ ಸಾಲಿನಲ್ಲೂ ಕೇಳಿದ್ದಾರೆ. ಆದ್ದರಿಂದ ಈ ಸಲ ಪೂರ್ತಿ ಬರೆದುಬಿಡುತ್ತೇನೆ. ತುಂಬಾ ಬೆಲೆ ಕೊಡಿ. ಆದರೆ ಅಧ್ಯಕ್ಷರಿಗೆ ವೋಟು ಹಾಕಿ ಬಂದರೆ ಕೆಲಸ ಅರ್ಧ ಮಾತ್ರ ಆಗಿರುತ್ತದೆ.

ಬೆಲೆ ಯಾಕೆ ಅಂದರೆ, ಅಧ್ಯಕ್ಷರು ಹೋಗುತ್ತಾರೆ, ಜಡ್ಜ್ ಉಳಿಯುತ್ತಾರೆ. ಕ್ಲಾರೆನ್ಸ್ ಥಾಮಸ್ ಅವರನ್ನು ಸುಪ್ರೀಂ ಕೋರ್ಟಿಗೆ ತಂದದ್ದು ಹಿರಿಯ ಬುಷ್, 1991ರಲ್ಲಿ. ಥಾಮಸ್‌ಗೆ ಆಗ 43 ವರ್ಷ. ಮರುವರ್ಷವೇ ಬುಷ್ ಸೋತರು, 2018ರಲ್ಲಿ ತೀರಿಕೊಂಡರು. 2022ರಲ್ಲಿ ಗರ್ಭಪಾತದ ಹಕ್ಕನ್ನು ತೆಗೆದುಹಾಕಿದ ಐದು ಜಡ್ಜ್‌ಗಳಲ್ಲಿ ಥಾಮಸ್ ಒಬ್ಬರು. 1988ರಲ್ಲಿ ಬುಷ್‌ಗೆ ಹಾಕಿದ ವೋಟು 34 ವರ್ಷ ಆದಮೇಲೂ ಕೆಲಸ ಮಾಡುತ್ತಿತ್ತು.

ಈಗ ನಾನು ಹೇಳಿ ಹೇಳಿ ಸುಸ್ತಾಗಿರುವ ವಿಷಯ. “ಅಧ್ಯಕ್ಷರು ತಮಗೆ ಬೇಕಾದವರನ್ನು ಕೋರ್ಟಿಗೆ ಕೂರಿಸುತ್ತಾರೆ.” ಇಲ್ಲ. ಅಧ್ಯಕ್ಷರು ಹೆಸರು ಕೊಡುತ್ತಾರೆ, ಅಷ್ಟೇ. ಕೂರಿಸುವುದು ಸೆನೆಟ್, ಅಂದರೆ ಇಲ್ಲಿನ ಸಂಸತ್ತಿನ ಮೇಲ್ಮನೆ. ಊರಲ್ಲಿ ಕೊಲಿಜಿಯಂ (ಹಿರಿಯ ಜಡ್ಜ್‌ಗಳ ಮಂಡಳಿ) ಹೆಸರು ಕಳಿಸಿ ರಾಷ್ಟ್ರಪತಿ ಸಹಿ ಹಾಕುವುದನ್ನು ನೋಡಿ ಬೆಳೆದ ನಮಗೆ ಇದು ಸುಲಭಕ್ಕೆ ತಲೆಗೆ ಹೋಗುವುದಿಲ್ಲ, ಅದು ಅರ್ಥವಾಗುತ್ತದೆ. ಆದರೆ ಇಲ್ಲೇ ಹುಟ್ಟಿ ಬೆಳೆದವರೂ ಹೀಗೇ ಹೇಳುತ್ತಾರಲ್ಲ!

2016ರ ಫೆಬ್ರವರಿ 13ರಂದು ಜಸ್ಟಿಸ್ ಆಂಟೊನಿನ್ ಸ್ಕಲಿಯಾ ತೀರಿಕೊಂಡರು. ಒಬಾಮ ಕೈಯಲ್ಲಿ ಇನ್ನೂ ಹನ್ನೊಂದು ತಿಂಗಳು ಇತ್ತು. ಮಾರ್ಚ್‌ನಲ್ಲಿ ಅವರು ಮೆರಿಕ್ ಗಾರ್ಲಂಡ್ ಹೆಸರು ಕೊಟ್ಟರು. ಸೆನೆಟ್‌ನ ಬಹುಮತದ ನಾಯಕ, ರಿಪಬ್ಲಿಕನ್ ಪಕ್ಷದ ಮಿಚ್ ಮೆಕಾನಲ್ ಏನು ಮಾಡಿದರು ಗೊತ್ತಾ? ಏನೂ ಮಾಡಲಿಲ್ಲ. ವಿಚಾರಣೆಗೆ ಕರೆಯಲಿಲ್ಲ, ವೋಟಿಗೂ ಹಾಕಲಿಲ್ಲ. ಜನ ಹೊಸ ಅಧ್ಯಕ್ಷರನ್ನು ಆರಿಸಲಿ, ಅವರೇ ಹೆಸರು ಕೊಡಲಿ ಎಂದರು. ಸುಮಾರು ಹದಿನಾಲ್ಕು ತಿಂಗಳು ಕುರ್ಚಿ ಖಾಲಿ ಇತ್ತು. 2017ರ ಏಪ್ರಿಲ್‌ನಲ್ಲಿ ಟ್ರಂಪ್ ಕೊಟ್ಟ ಹೆಸರು, ನೀಲ್ ಗೊರ್ಸಿಚ್, ಅಲ್ಲಿ ಬಂದು ಕೂತರು. ಅದಕ್ಕೆ ಬೇಕಾದ 60 ವೋಟು ಸಿಗದಿದ್ದಾಗ ಅದೇ ಸೆನೆಟ್ ನಿಯಮ ಬದಲಿಸಿ ಸರಳ ಬಹುಮತ ಸಾಕು ಎಂದಿತು. 2020ರಲ್ಲಿ ಅದೇ ನಾಯಕರು ಇದರ ತದ್ವಿರುದ್ಧ ನಡೆದರು. ಸೆಪ್ಟೆಂಬರ್ 18ಕ್ಕೆ ಜಸ್ಟಿಸ್ ರೂತ್ ಬೇಡರ್ ಗಿನ್ಸ್‌ಬರ್ಗ್ ತೀರಿಕೊಂಡರು, ಚುನಾವಣೆಗೆ ಎಂಟು ದಿನ ಇರುವಾಗ, ಅಂದರೆ ಅಕ್ಟೋಬರ್ 26ಕ್ಕೆ, ಟ್ರಂಪ್ ಹೆಸರಿಸಿದ ಏಮಿ ಕೋನಿ ಬ್ಯಾರೆಟ್‌ಗೆ ಸೆನೆಟ್ 52-48ರಲ್ಲಿ ಒಪ್ಪಿಗೆ ಕೊಟ್ಟಿತು. ಅಧ್ಯಕ್ಷರ ಅಧಿಕಾರ ಎರಡು ಸಲವೂ ಒಂದೇ. ಬೇರೆ ಇದ್ದದ್ದು ಅಧ್ಯಕ್ಷರ ಪಕ್ಷಕ್ಕೆ ಸೆನೆಟ್ ಸಿಕ್ಕಿತ್ತಾ ಇಲ್ಲವಾ ಅನ್ನುವುದು.

ಹಾಗಾದರೆ ಗಾರ್ಲಂಡ್ ಕುರ್ಚಿ ಹೋದದ್ದು ಯಾವಾಗ? 2014ರ ನವೆಂಬರ್‌ನಲ್ಲಿ, ಅಧ್ಯಕ್ಷರ ಚುನಾವಣೆಯೇ ಅಲ್ಲದ ವರ್ಷದಲ್ಲಿ. ಆಗ ಒಬಾಮ ಪಕ್ಷದ ಡೆಮಾಕ್ರಾಟರು ಒಂಬತ್ತು ಸೆನೆಟ್ ಸೀಟು ಕಳೆದುಕೊಂಡರು, ಬಹುಮತವೂ ಹೋಯಿತು. ವೋಟು ಹಾಕಿದ್ದು ನೂರಕ್ಕೆ ಸುಮಾರು 36 ಜನ, ಎರಡನೇ ಮಹಾಯುದ್ಧದ ನಂತರ ಅಷ್ಟು ಕಡಿಮೆ ಆಗಿದ್ದೇ ಇಲ್ಲ. 2016ರಲ್ಲಿ ಕೋರ್ಟ್ ಕೋರ್ಟ್ ಎಂದು ಹೊಟ್ಟೆ ಉರಿದುಕೊಂಡ ಎಷ್ಟೋ ಜನ 2014ರಲ್ಲಿ ಮನೆಯಲ್ಲೇ ಇದ್ದರು. ದಯವಿಟ್ಟು ನೀವು ಹಾಗೆ ಮಾಡಬೇಡಿ.

ಇನ್ನೊಂದು, ಅದೃಷ್ಟ. ಜಿಮ್ಮಿ ಕಾರ್ಟರ್ ನಾಲ್ಕು ವರ್ಷ ಪೂರ್ತಿ ಅಧ್ಯಕ್ಷರಾಗಿದ್ದರೂ ಸುಪ್ರೀಂ ಕೋರ್ಟಿಗೆ ಒಬ್ಬರನ್ನೂ ಕಳಿಸಲು ಆಗಲಿಲ್ಲ, ಯಾರೂ ಜಾಗ ಬಿಡಲಿಲ್ಲ. ಟ್ರಂಪ್‌ಗೆ ಮೊದಲ ಅವಧಿಯಲ್ಲೇ ಮೂರು ಸಿಕ್ಕಿತು. ಆದರೆ ಕೆಳಗಿನ ಕೋರ್ಟ್‌ಗಳಲ್ಲಿ ಜಾಗ ಖಾಲಿಯಾಗುತ್ತಲೇ ಇರುತ್ತದೆ, ಕಾರ್ಟರ್ ಅಲ್ಲಿಗೆ 260ಕ್ಕೂ ಹೆಚ್ಚು ಜನರನ್ನು ಕಳಿಸಿದರು. ನಮ್ಮವರ ಬದುಕು ತಾಗುವುದು ಜಾಸ್ತಿ ಅಲ್ಲೇ. ಎಚ್-4 ವೀಸಾದವರ (ಎಚ್-1ಬಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿಯರ) ಕೆಲಸದ ಪರ್ಮಿಟ್ ವಿಷಯ ನಿಮ್ಮ ಮನೆಯಲ್ಲೂ ಬಂದಿರುತ್ತದೆ ಅಲ್ವಾ? 2024ರ ಆಗಸ್ಟ್‌ನಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ಕೋರ್ಟ್ ಅದನ್ನು ಎತ್ತಿಹಿಡಿಯಿತು, ಸುಪ್ರೀಂ ಕೋರ್ಟ್ ಆ ಕೇಸನ್ನು ಕೈಗೆತ್ತಿಕೊಳ್ಳಲೇ ಇಲ್ಲ. 2025ರ ಜನವರಿಯಲ್ಲಿ, ಎಚ್-1ಬಿ ತಂದೆತಾಯಿಗೆ ಇಲ್ಲಿ ಹುಟ್ಟುವ ಮಕ್ಕಳಿಗೂ ಪೌರತ್ವ ಇಲ್ಲ ಎನ್ನುವ ಟ್ರಂಪ್ ಆದೇಶವನ್ನು ಮೂರೇ ದಿನದಲ್ಲಿ ತಡೆದವರು ಸಿಯಾಟಲ್‌ನ ಜಿಲ್ಲಾ ಜಡ್ಜ್ ಜಾನ್ ಕಫ್‌ನಾರ್. ಅವರ ಹೆಸರು ಕೊಟ್ಟಿದ್ದು ರೇಗನ್, 1981ರಲ್ಲಿ. ರಿಪಬ್ಲಿಕನ್ ಅಧ್ಯಕ್ಷರು ತಂದ ಜಡ್ಜ್ ರಿಪಬ್ಲಿಕನ್ ಅಧ್ಯಕ್ಷರ ಆದೇಶವನ್ನೇ ತಡೆದರು. ಹಾಗಾಗಿ ಅಭ್ಯರ್ಥಿಯ ಪಕ್ಷ ಮಾತ್ರ ನೋಡಿದರೆ ಸಾಲದು, ಅವರು ಎಂಥ ಜಡ್ಜ್‌ಗಳ ಹೆಸರು ಕೊಡುತ್ತಾ ಬಂದಿದ್ದಾರೆ ಅಂತಲೂ ನೋಡಿ.

ಇಷ್ಟು ಬರೆದಮೇಲೆ ನೀವು ಕೇಳದ ಒಂದು ಮಾತು. ಇವರಿಗೆ ರಿಟೈರ್‌ಮೆಂಟ್ ಯಾಕಿಲ್ಲ? ನಮ್ಮಲ್ಲಿ ಹೈಕೋರ್ಟ್ ಜಡ್ಜ್‌ಗೆ 62, ಸುಪ್ರೀಂ ಕೋರ್ಟಿನವರಿಗೆ 65. ಅಮೆರಿಕದ ಸಂವಿಧಾನ ವಯಸ್ಸೇ ಹೇಳುವುದಿಲ್ಲ, ನಡತೆ ಸರಿಯಿರುವ ತನಕ ಇರಬಹುದು ಎನ್ನುತ್ತದೆ. ಹಾಗಾಗಿ ಯಾವಾಗ ಇಳಿಯಬೇಕು ಎನ್ನುವುದೂ ಚುನಾವಣೆಯ ಲೆಕ್ಕಾಚಾರವೇ ಆಗಿಬಿಟ್ಟಿದೆ. ಸೆನೆಟ್ ಒಬಾಮ ಪಕ್ಷದ ಕೈಯಲ್ಲಿದ್ದಾಗ ಗಿನ್ಸ್‌ಬರ್ಗ್ 80 ದಾಟಿದ್ದರು, ಕ್ಯಾನ್ಸರ್ ಎರಡು ಸಲ ಬಂದು ಹೋಗಿತ್ತು, ಆದರೂ ಇಳಿಯಲಿಲ್ಲ. ನಾನು ಅವರನ್ನು ತುಂಬಾ ಗೌರವಿಸುತ್ತೇನೆ, ಆದರೆ ಆ ತೀರ್ಮಾನ ತಪ್ಪು ಎಂದೇ ಈಗಲೂ ಹೇಳುತ್ತೇನೆ. ಸ್ಟೀಫನ್ ಬ್ರೇಯರ್ 2022ರಲ್ಲಿ 83ನೇ ವಯಸ್ಸಿಗೆ ಇಳಿದರು, ಆಗ ಸೆನೆಟ್ ಬೈಡನ್ ಪಕ್ಷದ ಕೈಯಲ್ಲಿತ್ತು, ಕೇತಾಂಜಿ ಬ್ರೌನ್ ಜಾಕ್ಸನ್ ಆ ಜಾಗಕ್ಕೆ ಬಂದರು. ಒಬ್ಬರಿಗೆ 18 ವರ್ಷ ಸಾಕು ಎಂದು 2024ರಲ್ಲಿ ಬೈಡನ್ ಹೇಳಿದ್ದರು. ನನಗೂ ಅದೇ ಸರಿ ಅನ್ನಿಸುತ್ತದೆ. ಅದಕ್ಕೆ ಸಂವಿಧಾನ ತಿದ್ದಬೇಕು ಅನ್ನುವವರೇ ಹೆಚ್ಚು, ತಿದ್ದಲು 50ರಲ್ಲಿ 38 ರಾಜ್ಯಗಳು ಒಪ್ಪಬೇಕು.